ಚಂದ್ರನ ಗುರುತಿನ ಗುಂಡಿ

ಸರ್ವರ್ ನಿಲ್ಲಿಸುತ್ತಿದ್ದದ್ದು ನಿನ್ನ ಕೈಯಲ್ಲ, ಶಮೀಮ್. ನನ್ನ ಕೈ. ನಿನ್ನನ್ನು ಕೆಲಸದಿಂದ ತೆಗೆದ ದಿನವೇ ಅದು ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಬೇರೆಯವರೂ ಇದನ್ನು ಓದಬಹುದು, ಓದಲಿ. ಅವರಿಗಾಗಿ ಮೊದಲಿನಿಂದ ಹೇಳುತ್ತೇನೆ. ಎರಡು ಸಾವಿರದ ಎಂಟರ ಸುಮಾರಿಗೆ ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಆಫೀಸಿನಲ್ಲಿದ್ದೆ. ನೀನು ಅದೇ ಮಂಡಿಯ ತುರುವೇಕೆರೆ ಶಾಖೆಗೆ ಹೊಸದಾಗಿ ಸೇರಿದ್ದೆ. ಟೈಲರ್ ಮನೆಯ ಮಗಳು, ನಿಮ್ಮ ಬೀದಿಯಿಂದ ಆಫೀಸಿನ ಕುರ್ಚಿಗೆ ಬಂದ ಮೊದಲ ಹುಡುಗಿ. ನಾವಿಬ್ಬರೂ ಮುಖ ನೋಡಿದ್ದಕ್ಕಿಂತ ಫೋನಿನಲ್ಲಿ ದನಿ ಕೇಳಿದ್ದೇ ಹೆಚ್ಚು. ಬೆಳಿಗ್ಗೆ ನಾನು ಕೀಬೋರ್ಡನ್ನು ಬೋರಲು ಹಾಕಿ ತಟ್ಟಿ, ಒಳಗೆ ಸೇರಿದ್ದ ತೆಂಗಿನ ನಾರಿನ ಪುಡಿ ಉದುರಿಸುವ ಹೊತ್ತಿಗೆ ನಿನ್ನ ಫೋನು ಬರುತ್ತಿತ್ತು. "ಅಕ್ಕಾ, ತಿಂಡಿ ಆಯ್ತಾ? ಇವತ್ತೂ ರೊಟ್ಟಿನಾ?" — "ಇನ್ನೇನು ಬಿರಿಯಾನಿನಾ ಕಣೇ, ಗಿರಿಜಕ್ಕನ ಡಬ್ಬೀಲಿ?"

ಆ ವರ್ಷ ಮಂಡಿಯ ಸಾವ್ಕಾರರು ಹೊಸ ಕಂಪ್ಯೂಟರ್ ತರಿಸಿದರು. ಅದರೊಳಗೆ ಸರ್ವರ್ ಕೂರಿಸಲು ತುಮಕೂರಿನಿಂದ ಒಬ್ಬ ಇಂಜಿನಿಯರ್ ಬಂದರು. ಬೇರೆ ಪೆಟ್ಟಿಗೆ ಏನೂ ಇಲ್ಲದೆ ಸರ್ವರ್ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ನಕ್ಕು, "ದೊಡ್ಡ ಮನೆ ಒಳಗೇ ಒಂದು ಬಾಡಿಗೆ ಮನೆ ಇದ್ದಂಗೆ ಕಣಮ್ಮ. ನೀವಿರೋದು ದೊಡ್ಡ ಮನೇಲಿ. ತುರುವೇಕೆರೆಯೋರು ಅಲ್ಲಿಂದಲೇ ಬಾಡಿಗೆ ಮನೆಗೆ ಬಂದು ಕೆಲಸ ಮಾಡ್ತಾರೆ" ಎಂದರು. ದೊಡ್ಡ ಮನೆಯವರು ದೀಪ ಆರಿಸಿ ಮಲಗಿಬಿಟ್ಟರೆ ಒಳಗಿನವರ ಗತಿ ಏನು — ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಂಡಿಯ ಪದ್ಧತಿ ನಿನಗೆ ಗೊತ್ತು. ಹರಾಜು ಹರಾಜೇ, ಆದರೂ ಹಳೆಯ ವರ್ತಕರು ಮಾತು ಪಕ್ಕಾ ಮಾಡುವುದು ಟವೆಲ್ ಅಡಿಯಲ್ಲೇ. ಇಬ್ಬರ ಕೈ ಮೇಲೆ ಟವೆಲ್ ಬೀಳುತ್ತದೆ, ಒಳಗೆ ಬೆರಳು ಹಿಡಿದು ರೇಟು ಹೇಳುತ್ತಾರೆ, ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಹಾಗೆ ಒಂದು ದಿನ ನಮ್ಮ ಆಫೀಸಿನಲ್ಲಿ ಟವೆಲ್ ಬಿದ್ದಾಗ ವರ್ತಕನೊಬ್ಬ ನನ್ನ ಮೇಜಿನತ್ತ ನೋಡಿ, "ಬೆರಳಿಗೆ ಟವಲ್ ಹಾಕ್ದ್ರಿ ಸರಿ, ಆ ಪೆಟ್ಟಿಗೆಗೆ ಏನ್ ಹೊದ್ಸೀರಿ ಸಾವ್ಕಾರ್ರೇ? ರೇಟೆಲ್ಲ ಬೆಳ್ಳಗೆ ಕಾಣ್ತೈತಲ್ಲ!" ಅಂದ. ಎಲ್ಲರೂ ನಕ್ಕರು. ಸಾವ್ಕಾರರಿಗೆ ನಗು ಬರಲಿಲ್ಲ. "ಗಿರಿಜಮ್ಮ, ಯಾರಾದ್ರೂ ಬಂದ್ರೆ ಅದನ್ನ ಮುಚ್ಚಿಬುಡಮ್ಮ."

ಕೀಬೋರ್ಡಿನ ಮೂಲೆಯಲ್ಲಿ ಅರ್ಧಚಂದ್ರನ ಗುರುತಿನ ಒಂದು ಗುಂಡಿಯಿತ್ತು. ಒತ್ತಿದರೆ ಪರದೆ ಕಪ್ಪಾಗುತ್ತಿತ್ತು. ಮೌಸ್ ಅಲ್ಲಾಡಿಸಿದರೆ ಮತ್ತೆ ಬೆಳಗುತ್ತಿತ್ತು. ಪರದೆಗೆ ಹೊದಿಸುವ ಟವೆಲ್ ಇದೇ ಎಂದುಕೊಂಡೆ. ಒತ್ತಿದಾಗ ಪೆಟ್ಟಿಗೆಯೊಳಗಿನ ಫ್ಯಾನಿನ ಗುಂಯ್ ಸದ್ದೂ ನಿಲ್ಲುತ್ತಿತ್ತು. ಪಾಪ, ಅದಕ್ಕೂ ಬಿಡುವು ಸಿಗಲಿ ಅಂತ...

ಅಲ್ಲಿಂದಲೇ ನಿನ್ನ ಕಷ್ಟ ಶುರುವಾಯಿತು. "ಅಕ್ಕಾ, ಮತ್ತೆ ನಿಂತೋಯ್ತು ಕಣಕ್ಕ. ಬಾಣದ ಗುರುತೇ ಅಲ್ಲಾಡ್ತಿಲ್ಲ." ನಾನು ಮೌಸ್ ಹಿಡಿದು ನೋಡಿದರೆ ಎಲ್ಲ ಸರಿ. "ಇಲ್ಲಿ ಚೆನ್ನಾಗೇ ಐತಲ್ಲೇ!" ಅನ್ನುತ್ತಿದ್ದೆ. ನೋಡಲು ಹೋಗಿ ನಾನೇ ಅದನ್ನು ಎಬ್ಬಿಸುತ್ತಿದ್ದೆ — ಅದು ನನಗೆ ಹೊಳೆಯಲಿಲ್ಲ. ಅಷ್ಟರ ಮಟ್ಟಿಗೆ ಅದು ತಿಳಿಯದೆ ಆದ ತಪ್ಪು. ಇಂಜಿನಿಯರ್ ಮತ್ತೆ ಬಂದರು. ಮೋಡೆಮ್ ಬದಲಾಯಿಸಿದರು, ನಿಮ್ಮ ಕಡೆಯ ಫೋನ್ ಲೈನ್ ನೋಡಿಸಿದರು, ಸರ್ವರಿಗೆ ಇನ್ನಷ್ಟು ಮೆಮೊರಿ ಕೊಟ್ಟರು. ಅವರು ಕೂತಿರುವಷ್ಟು ಹೊತ್ತು ಒಮ್ಮೆಯೂ ನಿಲ್ಲಲಿಲ್ಲ. ಅವರ ಮುಂದೆ ಯಾರು ಟವೆಲ್ ಹಾಕುತ್ತಾರೆ? "ಇಲ್ಲಿ ತೊಂದರೆ ಏನೂ ಇಲ್ಲ. ಆ ಹುಡುಗಿ ಅಲ್ಲಿ ಏನೋ ಒತ್ತುತಾಳೆ" ಎಂದು ಹೇಳಿ ಹೋದರು.

ಆಮೇಲೆ ಆ ಬುಧವಾರ. ಸಂಪಿಗೆ ಊರಿನ ಕಡೆಯ ರೈತರೊಬ್ಬರ ಕೊಬ್ಬರಿಯನ್ನು ನೀನು ಹರಾಜಿಗೆ ಮುಂಚೆ ಸರ್ವರಿನ ಪಟ್ಟಿಗೆ ಸೇರಿಸಬೇಕಿತ್ತು. ಇಲ್ಲಿ ಇಬ್ಬರು ವರ್ತಕರು ಬಂದು ಕೂತರು, ಟವೆಲ್ ಬಿತ್ತು, ನಾನು ಗುಂಡಿ ಒತ್ತಿದೆ. ಒತ್ತಿದ ಬೆರಳು ತೆಗೆಯುವಷ್ಟರಲ್ಲಿ ಫೋನು. "ನಿಂತೋಯ್ತು ಅಕ್ಕಾ!" ಮೌಸ್ ಅಲ್ಲಾಡಿಸಿದೆ. "ಬಂತು, ಬಂತು." ವರ್ತಕ ಕತ್ತು ಚಾಚಿದ, ನಾನು ಮತ್ತೆ ಒತ್ತಿದೆ. "ಅಯ್ಯೋ, ಮತ್ತೆ ಹೋಯ್ತು..." ಗುಂಡಿಯ ಮೇಲಿನ ಚಂದ್ರನನ್ನು ನೋಡಿದೆ. ಅದು ಪರದೆಯನ್ನಷ್ಟೇ ಕಪ್ಪು ಮಾಡುತ್ತಿರಲಿಲ್ಲ — ಇಡೀ ಮನೆಯನ್ನೇ ಮಲಗಿಸುತ್ತಿತ್ತು, ನೀನು ಒಳಗಿರುವಾಗಲೇ.

ತಕ್ಷಣ ಎಬ್ಬಿಸಿದೆ. ಆದರೆ ನೀನು ಮತ್ತೆ ಒಳಗೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಆ ರೈತರ ಕೊಬ್ಬರಿ ಹರಾಜಿಗೆ ಸೇರಲಿಲ್ಲ. ಅವರು ಮಂಡಿಯ ಬಾಗಿಲಲ್ಲಿ ನಿಂತು ಕೂಗಾಡಿದರು. ಸಾವ್ಕಾರರು ನಿನಗೆ ಫೋನು ಮಾಡಿ, ರಿಸೀವರ್ ಕಿವಿಗಿಟ್ಟುಕೊಂಡೇ ನನ್ನತ್ತ ತಿರುಗಿದರು.

"ಆ ಹುಡುಗಿ ನಾನೇನೂ ಮಾಡಿಲ್ಲ ಅಂತಾಳೆ. ನೀನೇನಾದ್ರೂ ಮುಟ್ಟಿದ್ಯೇನಮ್ಮ?"

ವರ್ತಕರಿದ್ದರು. ಹಮಾಲರಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ವರ್ಷದಲ್ಲಿ ಒಬ್ಬರ ಬಾಯಲ್ಲೂ ಒಂದು ಮಾತು ಅನ್ನಿಸಿಕೊಳ್ಳದ ಗಿರಿಜಮ್ಮ...

"ಇಲ್ಲ ಸಾವ್ಕಾರ್ರೇ, ನಾನೇನೂ ಮುಟ್ಟಿಲ್ಲ."

ನಿನಗೆ ಅದು ಫೋನಿನಲ್ಲಿ ಕೇಳಿಸಿತ್ತು ಅಲ್ಲವೇ? ಅಂದು ಸಂಜೆಯೇ ನಿನ್ನನ್ನು ಕೆಲಸದಿಂದ ತೆಗೆದರು.

ಇದಕ್ಕಿಂತ ಕೆಟ್ಟದ್ದು ಮುಂದಿದೆ. ಮಾರನೆಯ ದಿನದಿಂದ ನಾನು ಆ ಗುಂಡಿ ಮುಟ್ಟಲಿಲ್ಲ. ಮನೆಯಿಂದ ಒಂದು ಹಳೆಯ ಟವೆಲ್ ತಂದು ಪರದೆಯ ಮೇಲೆ ಎಳೆಯತೊಡಗಿದೆ. ಸರ್ವರ್ ಮತ್ತೆ ಒಂದು ಸಲವೂ ನಿಲ್ಲಲಿಲ್ಲ. "ನೋಡಿದ್ರಾ? ಅವಳು ಹೋದ್ಲು, ರೋಗಾನೂ ಹೋಯ್ತು" ಎಂದರು ಎಲ್ಲರೂ. ನಾನು ತಿದ್ದಿಕೊಂಡದ್ದೇ ನಿನ್ನ ಮೇಲೆ ಸಾಕ್ಷಿಯಾಯಿತು. ಆ ಮಾತು ತುರುವೇಕೆರೆಗೂ ಮುಟ್ಟಿತು. ನಿನ್ನನ್ನು ಪಾಠ ಹೇಳಲು ಕರೆದಿದ್ದ ಅಲ್ಲಿನ ಕಂಪ್ಯೂಟರ್ ಕ್ಲಾಸಿನವರು ಆಮೇಲೆ ಬೇಡವೆಂದರಂತೆ. "ಮಷೀನ್ ಕೆಡಿಸೋಳು" ಅಂದರಂತೆ.

ಕೆಲವು ವರ್ಷಗಳ ಮೇಲೆ, ಮಗಳ ಮದುವೆಗೆ ರವಿಕೆ ಹೊಲಿಸಲು ನಿಮ್ಮ ಅಂಗಡಿಗೆ ಬಂದಿದ್ದೆನಲ್ಲ — ಹೇಳಬೇಕೆಂದೇ ಬಂದಿದ್ದೆ. ನೀನು ನಿಮ್ಮ ತಂದೆಯ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಎದ್ದು ಬಂದು, ಸ್ವಂತ ಅಕ್ಕನಿಗೆ ಹಿಡಿದಂತೆ ನನ್ನ ತೋಳಿಗೆ ಟೇಪ್ ಸುತ್ತಿದೆ. "ದಪ್ಪ ಆಗಿದ್ದೀರ ಕಣಕ್ಕ, ಇನ್ನೂ ರೊಟ್ಟಿನೇನಾ?" ಎಂದು ನಕ್ಕೆ. ಆಮೇಲೆ ಮೆಲ್ಲಗೆ ಕೇಳಿದೆ: "ಸರ್ವರ್ ಈಗ ನಿಲ್ಲಲ್ವಾ ಅಕ್ಕಾ?"

"ಇಲ್ಲ" ಎಂದೆ.

"ಹಂಗಾದ್ರೆ ನನ್ನ ಕೈಯಲ್ಲೇ ಏನೋ ದೋಷ ಇತ್ತು ಅನ್ಸುತ್ತೆ. ನಾನೇನ್ ಒತ್ತುತಿದ್ನೋ, ಎಷ್ಟು ಯೋಚಿಸಿದ್ರೂ ಗೊತ್ತಾಗಲ್ಲ. ಇವತ್ತಿಗೂ ಕಂಪ್ಯೂಟರ್ ಕಂಡ್ರೆ ಕೈ ಹಿಂದಕ್ಕೆ ಹೋಗುತ್ತೆ ಕಣಕ್ಕ."

ಆಗಲಾದರೂ... ಟೇಪು ನನ್ನ ತೋಳಿನ ಮೇಲೇ ಇತ್ತು. ಅಳತೆ ಬರೆಸಿ, ದುಡ್ಡು ಕೊಟ್ಟು ಹೊರಟು ಬಂದೆ. ರವಿಕೆ ಹೇಳಿ ಮಾಡಿಸಿದಂತೆ ಕೂತಿತು. ಮದುವೆಯಲ್ಲಿ ಅದನ್ನು ತೊಡಲು ನನಗಾಗಲಿಲ್ಲ. ಪೆಟ್ಟಿಗೆಯಲ್ಲಿ ಹಾಗೇ ಇದೆ.

ನಿನ್ನ ಕೆಲಸವನ್ನು ಕಳೆದೆ, ಅದು ಒಂದು. ನಿನ್ನ ಕೈಯ ಮೇಲೆ ನಿನಗೇ ಇದ್ದ ನಂಬಿಕೆಯನ್ನು ಕಳೆದೆನಲ್ಲ, ಅದನ್ನು ಯಾವ ಬಾಯಲ್ಲಿ ಹೇಳಲಿ? ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯೆಂದು ನನಗೆ ಗೊತ್ತು.

ಮೊದಲು ಈ ಕಾಗದ ಹಿಡಿದು ನಿಮ್ಮ ಅಂಗಡಿಗೇ ಬರುತ್ತೇನೆ. ನಿನಗೆ ಹೇಳಿದ ಮೇಲೆ, ಬರುವ ಬುಧವಾರ ಮಂಡಿಗೆ ಹೋಗುತ್ತೇನೆ. ಸಾವ್ಕಾರರಿಗೆ ವಯಸ್ಸಾಗಿದೆ, ಆದರೂ ಹರಾಜಿನ ದಿನ ಬಂದು ಕೂರುತ್ತಾರೆ. ವರ್ತಕರೂ ಹಮಾಲರೂ ಇರುವ ಹೊತ್ತಿನಲ್ಲೇ, ಅಂದು ಸುಳ್ಳು ಹೇಳಿದ ಜಾಗದಲ್ಲೇ ನಿಂತು, ಒತ್ತಿದ್ದು ಈ ಬೆರಳು ಎಂದು ತೋರಿಸುತ್ತೇನೆ — ಎಲ್ಲರಿಗೂ ಕಾಣುವ ಹಾಗೆ, ಮೇಲೆ ಟವೆಲ್ ಇಲ್ಲದೆ.