ಕಿತ್ತುಹೋಗುವ ಉಂಗುರ

ಹೆಣ್ಣು ಹುಟ್ಟಿತೆಂದು ಮುಖ ಇಳಿಬಿಟ್ಟ ಅಪ್ಪ, ಹೇಗೂ ಬಂದಾಯಿತು ಸಾಕಿದರಾಯಿತು ಎಂಬ ಅರ್ಥದಲ್ಲಿ ಇಟ್ಟ ಹೆಸರು ಬೊಂಗ್‌ಚಿ. ಆ ಹೆಸರನ್ನೇ ಹೊತ್ತುಕೊಂಡು ಅವಳು ತೈವಾನಿನ ಪಡುವಣ ಕಡಲಂಚಿನ ಬುದೈಯಲ್ಲಿ ಬೆಳೆದಳು, ಅಲ್ಲೇ ನಾಲ್ಕು ಮನೆಯಾಚೆಗೆ ಮದುವೆಯಾದಳು, ಅಲ್ಲೇ ತಲೆ ನರೆಸಿಕೊಂಡಳು. ಗಂಡ ಥಿಯಾಂಸು ತೆಪ್ಪದಲ್ಲಿ ಹೋಗಿ, ನೀರಿನಲ್ಲಿ ನೆಟ್ಟ ಬಿದಿರ ಚಪ್ಪರಗಳಿಗೆ ಇಳಿಬಿಟ್ಟ ಸಿಂಪಿಯ ಸರಗಳನ್ನು ಎಳೆದು ತರುತ್ತಿದ್ದ. ಇವಳು ತಗಡಿನ ಮಾಡಿನಡಿ ಕುಳಿತು, ಮೋಟು ಚೂರಿಯಿಂದ ಸಿಂಪಿಗಳ ಬಾಯಿ ಬಿಡಿಸಿ ತಿರುಳು ತೆಗೆಯುತ್ತಿದ್ದಳು. ಚಿಪ್ಪಿನ ಅಂಚು ಕೊಯ್ದೂ ಕೊಯ್ದೂ ಅವಳ ಬೆರಳ ಚರ್ಮ ದೋಣಿಯ ತಳದಂತೆ ಗಡುಸಾಗಿತ್ತು. ಬಡಗಾಳಿ ಬೀಸುವ ಚಳಿಯಲ್ಲಿ ಆ ಕೈಗಳನ್ನು ಬಿಸಿ ಗಂಜಿಯ ಬಟ್ಟಲಿಗೆ ಒತ್ತಿಕೊಂಡು, ಉಣ್ಣುವುದಕ್ಕೆ ಮೊದಲು ಒಂದಿಷ್ಟು ಹೊತ್ತು ಸುಮ್ಮನೆ ಕೂರುವುದು ಅವಳ ವಾಡಿಕೆ.

ಅವರಿಬ್ಬರ ನಿಶ್ಚಿತಾರ್ಥದ ಕಥೆಯನ್ನು ಸಿಂಪಿ ಬಿಡಿಸುವ ಹೆಂಗಸರು ಇಂದಿಗೂ ಹೇಳಿ ನಗುತ್ತಾರೆ. ಉಂಗುರ ತೊಡಿಸುವಾಗ ಬೆರಳನ್ನು ಕೊಂಚ ಬಗ್ಗಿಸಿ ಹಿಡಿಯಬೇಕೆಂದು ಹಿರಿಯರು ಎರಡೂ ಕಡೆಯವರಿಗೆ ಹೇಳಿಕೊಟ್ಟೇ ಕಳಿಸುತ್ತಾರೆ. ಯಾರ ಬೆರಳಿನ ಬುಡದ ತನಕ ಉಂಗುರ ಇಳಿಯಿತೋ ಅವರು ಜೀವಮಾನವಿಡೀ ಇನ್ನೊಬ್ಬರ ಮಾತಿನಡಿ ಬಿದ್ದರು ಎಂದು ಲೆಕ್ಕ. ಬೊಂಗ್‌ಚಿ ತನ್ನ ನಡುಬೆರಳನ್ನು ಕೊಕ್ಕೆಯಂತೆ ಬಗ್ಗಿಸಿಕೊಂಡಳು. ಥಿಯಾಂಸು ಮಾತ್ರ ಬಗ್ಗಿಸಲಿಲ್ಲ. ಮರೆತನೋ, ಬೇಕೆಂದೇ ಬಿಟ್ಟನೋ, ಇವಳು ಒಂದೇ ತಳ್ಳಿಗೆ ಬುಡ ಮುಟ್ಟಿಸಿದಳು. ಆಮೇಲೆ ಕೆಲಸ ಮಾಡಿ ಮಾಡಿ ಅವನ ಗೆಣ್ಣು ದಪ್ಪಗಾಯಿತು. ಉಂಗುರ ಹೊರಗೆ ಬರಲಿಲ್ಲ, ಬರಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ಆ ಉಂಗುರ ಅವನ ಕೈ ಬಿಟ್ಟದ್ದು ಎರಡು ಬೇಸಿಗೆಗಳ ಹಿಂದೆ. ತೆಪ್ಪದ ಮೇಲೆ ಹಗ್ಗ ಸುತ್ತುವ ಯಂತ್ರದ ರಾಟೆ ತಿರುಗುತ್ತಿತ್ತು. ಭಾರದ ಸರವೊಂದು ಕೊಕ್ಕೆಯಿಂದ ಜಾರುತ್ತಿರುವುದನ್ನು ಕಂಡು ಥಿಯಾಂಸು ಕೈ ಹಾಕಿದ. ಉಂಗುರ ಕೊಕ್ಕೆಗೆ ಸಿಕ್ಕಿಕೊಂಡಿತು. ಅವನ ಜೊತೆ ತೆಪ್ಪ ನಡೆಸುತ್ತಿದ್ದ ಸೂಗಿ ಎಂಬ ಹುಡುಗ ಯಂತ್ರ ನಿಲ್ಲಿಸುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಬೆರಳು ಕಡಲ ಪಾಲಾಯಿತು. ಉಂಗುರ ಕೊಕ್ಕೆಯಲ್ಲೇ ಉಳಿದಿತ್ತು, ಸೊಟ್ಟಗಾಗಿ. ಸೂಗಿ ಅದನ್ನು ಮುಷ್ಟಿಯಲ್ಲಿ ಹಿಡಿದು ತಂದು ಬೊಂಗ್‌ಚಿಯ ಕೈಗೆ ಹಾಕಿದ. ಅವಳು ತೊಳೆದು, ಗತಿಸಿದ ಹಿರಿಯರಿಗೆ ಊದುಬತ್ತಿ ಹಚ್ಚುವ ಪೀಠದ ಕೆಳಗಿನ ಖಾನೆಯಲ್ಲಿಟ್ಟಳು. ಥಿಯಾಂಸು ಆ ದಿನದಿಂದ ತೆಪ್ಪ ಹತ್ತಲಿಲ್ಲ. ದಡದಲ್ಲೇ ಕೂತು ಹೊಸ ಸಿಂಪಿ ಕಚ್ಚಿ ಬೆಳೆಯಲೆಂದು ಖಾಲಿ ಚಿಪ್ಪುಗಳಿಗೆ ತೂತು ಕೊರೆದು ಹುರಿಗೆ ಪೋಣಿಸುತ್ತಿದ್ದ. ಮೊದಲೇ ಮಾತು ಕಮ್ಮಿ, ಆಮೇಲೆ ಇನ್ನೂ ಕಮ್ಮಿಯಾಯಿತು.

ತೆಪ್ಪ ಸೂಗಿಯ ಕೈಗೆ ಬಂತು. ಗಾಯ ನೋಡಿಕೊಂಡು ಹೋಗಲು ಅವನು ದಿನಾ ಮನೆಗೆ ಬರುತ್ತಿದ್ದನಲ್ಲ, ಹಾಗೆ ಬರುತ್ತ ಬರುತ್ತ ಆ ಮನೆಯ ಒಬ್ಬಳೇ ಮಗಳು ಲೇಬುನ್‌ಳಿಗೂ ಅವನಿಗೂ ಮನಸ್ಸು ಕೂಡಿತು. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ವಾರಕ್ಕೊಮ್ಮೆ ಬರುತ್ತಿದ್ದವಳು ಎರಡು ಸಲ ಬರತೊಡಗಿದಳು. ಬೊಂಗ್‌ಚಿಗೆ ಅದು ತಿಳಿಯದೆ ಇರಲಿಲ್ಲ, ತಿಳಿದೂ ಹೂಮೀನಿನ ಗಂಜಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದಳೇ ಹೊರತು ಬಾಯಿ ಬಿಡಲಿಲ್ಲ.

ನಿಶ್ಚಿತಾರ್ಥಕ್ಕೆ ದಿನ ಗೊತ್ತಾದ ಮೇಲೆ ತೊಡಕು ಶುರುವಾಯಿತು. ಗಂಡಿಗೆ ಉಂಗುರ ಕೊಡಬೇಕಾದವರು ಹೆಣ್ಣಿನ ಕಡೆಯವರು. ಅಂದು ರಾತ್ರಿ ಊಟದ ಹೊತ್ತಿಗೆ ಥಿಯಾಂಸು, ಎಂದೂ ಇಲ್ಲದವನು, ತಾನಾಗಿ ಮಾತೆತ್ತಿದ.

“ಖಾನೇಲಿ ಇದೆಯಲ್ಲ, ಅದನ್ನ ಕರಗಿಸಿ ಹುಡುಗನಿಗೆ ಮಾಡಿಸು. ಒಳ್ಳೆ ಚಿನ್ನ. ಸುಮ್ನೆ ಯಾಕೆ ಕತ್ತಲೇಲಿ ಬಿದ್ದಿರಬೇಕು.”

ಬೊಂಗ್‌ಚಿ ಬಟ್ಟಲು ಕೆಳಗಿಟ್ಟಳು. “ಅದು ನಿನ್ ಜೊತೆ ಹೋಗಬೇಕಾದ್ದು. ಬೆರಳಂತೂ ಸಿಗಲಿಲ್ಲ. ನಾಳೆ ನಿನ್ನ ಪೆಟ್ಟಿಗೇಲಿ ಮಲಗಿಸುವಾಗ ಆ ಜಾಗಕ್ಕೆ ಏನಿಡಲಿ? ಅರ್ಧಂಬರ್ಧ ಮನುಷ್ಯನ್ನ ಹಿರಿಯರ ಹತ್ರ ಕಳಿಸ್ಲಾ?”

ಅವನು ತಲೆ ಎತ್ತಲಿಲ್ಲ. ಹಾಗಾದರೆ ಹೊಸ ಚಿನ್ನ ತಾ ಎಂದ. ಹೊಸದಾದರೇನು, ಅದೇ ತೆಪ್ಪ, ಅದೇ ರಾಟೆ, ಅದೇ ಕೊಕ್ಕೆ ಎಂದಳು ಅವಳು. ಹುಡುಗ ಕೆಲಸಕ್ಕೆ ಹೋಗುವಾಗ ತೆಗೆದಿಡಲಿ ಎಂದ. ಕಡಲಿಗೆ ಹೋಗುವ ಗಂಡಸು ಉಂಗುರ ತೆಗೆದು ಹೋದರೆ ಮನೆಯಲ್ಲಿ ಕಾಯುವವಳಿಗೆ ಹೇಗಿರುತ್ತದೆ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ, ತಗಡಿನ ಮಾಡಿನಡಿ ಕೂತು ಕಾದವಳು ಅವಳೇ.

ಮರುದಿನ ತಗಡಿನ ಮಾಡಿನಡಿ ಈ ಸುದ್ದಿ ಚಿಪ್ಪಿನ ರಾಶಿಗಿಂತ ಎತ್ತರ ಬೆಳೆದಿತ್ತು. ಪಕ್ಕದಲ್ಲಿ ಕೂರುವ ಆಕಿಮ್, ನಾಲಗೆ ಚೂರಿಗಿಂತ ಚೂಪು ಎನ್ನಿಸಿಕೊಂಡ ಹೆಂಗಸು, ಸಿಂಪಿ ಬಿಡಿಸುತ್ತಲೇ ಕೇಳಿದಳು.

“ಅಲ್ಲ ಕಣೇ, ಇರೋಳೊಬ್ಬಳೇ ಮಗಳು. ಅಳಿಯನಿಗೆ ಉಂಗುರ ಕೊಡೋಕೂ ನಿನ್ ಕೈ ಹಿಡೀತಾ? ಬೇಕಿದ್ರೆ ಹೇಳು, ನನ್ನ ಬಾಯಲ್ಲಿರೋ ಚಿನ್ನದ ಹಲ್ಲು ಕಿತ್ತು ಕೊಡ್ತೀನಿ.”

“ನಿನ್ ಹಲ್ಲು ಬೇಡ ಮಾರಾಯ್ತಿ. ಅದು ಹುಡುಗನ ಬೆರಳು ಕಚ್ಚಿಬಿಡತ್ತೆ” ಎಂದಳು ಬೊಂಗ್‌ಚಿ. ಹೆಂಗಸರೆಲ್ಲ ನಕ್ಕರು. ಬೊಂಗ್‌ಚಿ ನಗಲಿಲ್ಲ.

ಲೇಬುನ್ ಪೇಟೆಯಿಂದ ಒಂದು ರಬ್ಬರಿನ ಉಂಗುರ ತಂದಳು. ಕಪ್ಪಗೆ, ಮೆತ್ತಗೆ, ಎಳೆದರೆ ಹಿಗ್ಗುತ್ತಿತ್ತು. ಕಾರ್ಖಾನೆಯ ಹುಡುಗರೆಲ್ಲ ಈಗ ಇದನ್ನೇ ಹಾಕುವುದು, ಬೆವರಿದರೂ ಕೆರೆತವಿಲ್ಲ, ಸಿಕ್ಕಿಕೊಂಡರೆ ಹರಿದು ಹೋಗುತ್ತದೆ ಎಂದು ಅಮ್ಮನಿಗೆ ತಿಳಿಸಿ ಹೇಳಿದಳು. ಸೂಗಿ ಹಾಕಿ ನೋಡಿ, ಹಾಕಿರುವುದೇ ಗೊತ್ತಾಗುವುದಿಲ್ಲ ಎಂದ. ಆದರೆ ಸೂಗಿಯನ್ನು ಸಾಕಿ ಬೆಳೆಸಿದ ಅವನ ಅಜ್ಜಿ ಚುನ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಏಡಿಯ ಕೊಂಡಿಗೆ ಕಟ್ಟುವ ರಬ್ಬರನ್ನು ನನ್ನ ಮೊಮ್ಮಗನ ಕೈಗೆ ಯಾಕೆ ಹಾಕಿದಿರಿ, ಸಂತೆಯಲ್ಲಿ ಮಾರುವುದಕ್ಕೆಯೇ ಎಂದು ಕೇಳಿದಳಂತೆ. ಕೆಲಸಕ್ಕೆ ಏನಾದರೂ ಹಾಕಿಕೊಳ್ಳಲಿ, ಹಿರಿಯರ ಮುಂದೆ ಶುಭದ ದಿನ ಕಪ್ಪು ಕೂಡದು ಎಂದಳಂತೆ. ಆ ಮಾತು ಬೊಂಗ್‌ಚಿಗೂ ಸರಿ ಕಂಡಿತು.

ಹಾಗಾಗಿ ಅವಳೇ ಒಂದು ಮಾಡಿದಳು. ಸಿಂಪಿಯ ಸರ ಕಟ್ಟುವ ಹುರಿಯನ್ನು ಅವಳ ಕೈ ಹುಟ್ಟಿದಾಗಿನಿಂದ ಬಲ್ಲದು. ಮೂರೆಳೆ ಹಿಡಿದು ಹೆಣೆದು, ತುದಿಗಳನ್ನು ಕಾಣದಂತೆ ಒಳಗೆ ತೂರಿಸಿ, ಕೆಂಪು ಬಣ್ಣದಲ್ಲಿ ಅದ್ದಿ ಒಣಗಿಸಿದಳು. ಚೆಂದಕ್ಕೆ ಚೆಂದ, ಮೆತ್ತಗಿದ್ದು ಹಗುರ. ಬಿರುಗಾಳಿಗೂ ಹರಿಯದ ಹುರಿ, ಮದುವೆಗೆ ಇದಕ್ಕಿಂತ ಗಟ್ಟಿ ಯಾವುದು ಬೇಕು ಎಂದು ಅವಳ ಮನಸ್ಸು ಉಬ್ಬಿತು. ಗಂಡನ ಮುಂದೆ ಇಟ್ಟಳು.

ಥಿಯಾಂಸು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಎದ್ದು ಟೋಪಿ ಹಾಕಿಕೊಂಡು ಹೊರಟ. ಅವಳು ಹಿಂದೆ ಹೋದಳು. ಅವನ ಕಾಲು ನಡೆದದ್ದು ದಕ್ಕೆಗೆ, ಎರಡು ವರ್ಷದಿಂದ ಅವನು ಮುಖ ತಿರುಗಿಸಿಕೊಂಡು ಹಾದುಹೋಗುತ್ತಿದ್ದ ತೆಪ್ಪದ ಕಡೆಗೆ. ತೆಪ್ಪದ ಮೇಲೆ ಹುರಿ ಸುತ್ತುತ್ತಿದ್ದ ಸೂಗಿ ಅವನನ್ನು ಕಂಡು ಎದ್ದು ನಿಂತ.

ಥಿಯಾಂಸು ಬೆರಳು ದಪ್ಪದ ಬಿದಿರ ಕಡ್ಡಿಯೊಂದನ್ನು ಹುಡುಕಿ, ಉಂಗುರವನ್ನು ಅದಕ್ಕೆ ತೊಡಿಸಿ, ಕಡ್ಡಿಯನ್ನು ತೆಪ್ಪದ ಅಂಚಿಗೆ ಬಿಗಿದು ಕಟ್ಟಿದ. ಉಂಗುರವನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ತಿರುಗಿಸು ಎಂದು ಸೂಗಿಗೆ ಕಣ್ಣಲ್ಲೇ ಹೇಳಿದ. ರಾಟೆ ತಿರುಗಿತು. ಬಿದಿರು ಚಟ್ ಎಂದು ಸೀಳಿ ನೀರಿಗೆ ಹಾರಿತು. ಉಂಗುರ ಕೊಕ್ಕೆಯಲ್ಲಿ ಹಾಗೇ ತೂಗುತ್ತಿತ್ತು, ಒಂದೆಳೆಯೂ ಸಡಿಲಾಗದೆ.

ಬೊಂಗ್‌ಚಿ ಬಾಯಿಗೆ ಕೈ ಒತ್ತಿ ಹಿಡಿದಳು. ಮಗಳ ಗಂಡನ ಕೈಗೆ ತಾನು ಏನು ಹೆಣೆದಿದ್ದೆ ಎಂಬುದು ಅವಳಿಗೆ ಆಗ ಕಂಡಿತು.

“ಗಟ್ಟಿ ಇರಬಾರದು,” ಎಂದ ಥಿಯಾಂಸು. “ಬೆರಳಿಗಿಂತ ಮೊದಲು ಅದು ಸೋಲಬೇಕು.”

ಅವರು ಅಂದು ಸಂಜೆಯವರೆಗೂ ಅಲ್ಲೇ ಇದ್ದರು. ಬೊಂಗ್‌ಚಿ ಮನೆಗೆ ಓಡಿ ಸಿಕ್ಕ ಸಿಕ್ಕ ದಾರಗಳನ್ನೆಲ್ಲ ತಂದಳು. ಒಂದೊಂದನ್ನೂ ಥಿಯಾಂಸು ಕಡ್ಡಿಗೆ ತೊಡಿಸಿ ಕೊಕ್ಕೆಗೆ ಕೊಟ್ಟ. ಆ ಕೆಲಸವನ್ನು ಸೂಗಿಗೆ ಬಿಡಲಿಲ್ಲ. ಕೊನೆಗೆ ಉಳಿದದ್ದು ಕೆಂಪು ನೂಲು. ಹೆಣ್ಣಿಗೆ ಕೊಡುವ ಚಿನ್ನದ ಉಂಗುರವನ್ನೂ ತಾಮ್ರದ ಉಂಗುರವನ್ನೂ ಜೊತೆ ಕಟ್ಟುವ ನೂಲು, ಪ್ರತಿ ಮನೆಯಲ್ಲೂ ಇರುವಂಥದು. ಅದನ್ನು ಮೂರೆಳೆ ಹೆಣೆದು ತೊಡಿಸಿದಾಗ ಕೊಕ್ಕೆ ಎಳೆದ ಕ್ಷಣಕ್ಕೆ ಕಿತ್ತುಹೋಯಿತು. ಬಿದಿರ ಮೇಲೆ ಗೀರೂ ಇರಲಿಲ್ಲ. ಥಿಯಾಂಸು ಆ ಕಡ್ಡಿಯನ್ನು ಬಹಳ ಹೊತ್ತು ಸವರುತ್ತ ನಿಂತ.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಲೇಬುನ್ ಗಂಡಿನ ಕಡೆಯವರಿಗೆಲ್ಲ ಸಿಹಿ ಚಹಾ ಕೊಟ್ಟು, ಹಿರಿಯರ ಪೀಠಕ್ಕೆ ಬೆನ್ನು ಹಾಕಿ ಎತ್ತರದ ಕುರ್ಚಿಯಲ್ಲಿ ಕೂತಳು. ಸೂಗಿ ಅವಳ ಬೆರಳಿಗೆ ಚಿನ್ನ ತಾಮ್ರದ ಜೋಡಿ ತೊಡಿಸಿದ. ಅವಳು ಬೆರಳು ಬಗ್ಗಿಸಿದಳು, ಅವನು ನಡುಗೆಣ್ಣಿನಲ್ಲೇ ಬಿಟ್ಟ, ಎಲ್ಲರೂ ನಕ್ಕರು. ಇನ್ನು ಗಂಡಿನ ಸರದಿ. ಬೊಂಗ್‌ಚಿ ಕೆಂಪು ತಟ್ಟೆಯನ್ನು ಮುಂದಿಟ್ಟಳು.

ಚುನ್ ಅಜ್ಜಿ ಬಗ್ಗಿ ನೋಡಿದಳು. “ಕಟ್ಟೋ ದಾರ ಇದೆ. ಉಂಗುರ ಎಲ್ಲಿ?”

“ಅದೇ ಉಂಗುರ, ಅಜ್ಜಿ.”

“ಇದು ಬಾಳಿಕೆ ಬರಲ್ಲ.”

“ಕಿತ್ತುಹೋಗ್ಲಿ ಅಂತಾನೇ ಮಾಡಿದ್ದು.”

ಒಡೆಯುವುದು, ಕೀಳುವುದು ಎಂಬ ಮಾತುಗಳು ಆ ದಿನ ಯಾರ ನಾಲಗೆಗೂ ಬರಬಾರದು. ಬಟ್ಟಲು ಜಾರಿ ಬಿದ್ದರೂ ಒಳ್ಳೆಯ ಮಾತೊಂದು ಆಡಿ ಮುಚ್ಚಿಬಿಡುತ್ತಾರೆ. ಹೆಣ್ಣಿನ ತಾಯಿ ಅದನ್ನು ಹಿರಿಯರ ಪೀಠದ ಮುಂದೆ ನಿಂತು ಆಡಿದ್ದಳು. ಗಂಡಿನ ಕಡೆಯ ಸೋದರಮಾವನೊಬ್ಬ ಚಹಾದ ಬಟ್ಟಲನ್ನು ಕೆಳಗಿಟ್ಟ. ಅವರು ಎದ್ದು ಹೊರಟರೆ ತಡೆಯುವ ಹಕ್ಕು ಬೊಂಗ್‌ಚಿಗೆ ಇರಲಿಲ್ಲ. ಲೇಬುನ್ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಬೊಂಗ್‌ಚಿ ತಟ್ಟೆಯನ್ನು ಅಜ್ಜಿಯ ಕಡೆಗೆ ಸರಿಸಿದಳು. “ಇದು ಕಿತ್ತ ದಿನ ನನ್ನ ಮಗಳು ಇನ್ನೊಂದು ಕಟ್ತಾಳೆ ಅಜ್ಜಿ. ಎಷ್ಟು ಸಲ ಕಿತ್ರೂ ಅಷ್ಟು ಸಲ ಕಟ್ತಾಳೆ. ಬೆರಳನ್ನ ಯಾರೂ ಹಂಗೆ ಕಟ್ಟಿಕೊಡಕ್ಕಾಗಲ್ಲ.”

ಚುನ್ ಅಜ್ಜಿಯ ಕಣ್ಣು ಥಿಯಾಂಸುವಿನ ಕಡೆ ಹೋಯಿತು. ಅವನು ಹೊಸ ಅಂಗಿಯ ತೋಳಿನೊಳಗೆ ಎಡಗೈ ಎಳೆದುಕೊಂಡು ಕೂತಿದ್ದ. ಅವಳು ನೋಡಿದ್ದಕ್ಕೆ ಅದನ್ನು ಹೊರತೆಗೆದು ಮಂಡಿಯ ಮೇಲೆ ಇಟ್ಟ. ಅಜ್ಜಿಯ ಗಂಡ ಎಳೆ ವಯಸ್ಸಿನಲ್ಲೇ ಕಡಲಿಗೆ ಹೋದವನು ಮರಳಿರಲಿಲ್ಲ. ಗುಡ್ಡದ ಮೇಲೆ ಅವನ ಹೆಸರಿನ ಕಲ್ಲಿನಡಿ ಇರುವುದು ಅವನ ಅಂಗಿಯೊಂದೇ. ಅವಳು ಆ ಕೈಯನ್ನು ನೋಡಿದಳು, ತಟ್ಟೆಯಲ್ಲಿದ್ದ ನೂಲನ್ನು ನೋಡಿದಳು.

“ಹುಡುಗೀ, ಎದ್ದು ಬಾ,” ಎಂದಳು ಕೊನೆಗೆ. “ಇದು ತಳ್ಳೋ ಉಂಗುರ ಅಲ್ಲ, ಕಟ್ಟೋದು. ಲೋ ಸೂಗಿ, ನಾನು ಹೇಳಿಕೊಟ್ಟಿದ್ದು ಮರೆತುಬಿಡು. ಬೆರಳು ಬಗ್ಗಿಸಿದ್ರೆ ಗಂಟು ಕೂರಲ್ಲ, ನೆಟ್ಟಗಿಡು.”

ಸೂಗಿ ಬೆರಳು ನೆಟ್ಟಗೆ ಹಿಡಿದ. ಲೇಬುನ್ ಅವನ ಕೈಯ ಮೇಲೆ ಬಾಗಿ ನೂಲು ಸುತ್ತಿ ಗಂಟು ಹಾಕಿದಳು. ಯಾರು ಯಾರ ಮಾತಿನಡಿ ಬಿದ್ದರೆಂದು ಹೇಳಲು ಆಕಿಮ್‌ಳಿಗೂ ಸಾಧ್ಯವಾಗಲಿಲ್ಲ.

ಆ ನೂಲು ಚಳಿಗಾಲದ ತನಕ ಬಾಳಿತು. ಬಣ್ಣ ಮಾಸಿ ಸಿಂಪಿಯ ಕೆಸರಿನ ಬಣ್ಣಕ್ಕೆ ತಿರುಗಿತ್ತು. ಬಡಗಾಳಿ ಜೋರಾಗಿದ್ದ ಒಂದು ಸಂಜೆ ಸೂಗಿ ಕಡಲಿನಿಂದ ಬಂದವನು ಒಳಗೆ ಬರದೆ ಬಾಗಿಲಲ್ಲೇ ನಿಂತ. ತಪ್ಪು ಮಾಡಿದವನ ಮುಖ.

“ಅತ್ತೆ, ಉಂಗುರ ಹೋಯ್ತು. ಕೊಕ್ಕೆಗೆ ಸಿಕ್ಕಿತ್ತು.”

ಬೊಂಗ್‌ಚಿ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಇಟ್ಟು ಎದ್ದು ಹೋದಳು. ಅವನ ಎಡಗೈಯನ್ನು ತನ್ನ ಬಿಸಿಯಾದ ಎರಡೂ ಕೈಗಳಲ್ಲಿ ತೆಗೆದುಕೊಂಡು, ಕತ್ತಲಲ್ಲಿ ಚಿಪ್ಪು ತಡವುವವಳಂತೆ ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಒತ್ತಿ ನೋಡಿದಳು. ನಡುಬೆರಳಿನ ಸುತ್ತ ತೆಳುವಾಗಿ ಕೆಂಪು ಗೆರೆಯೊಂದು ಎದ್ದಿತ್ತು. ಅಷ್ಟೇ. ಅವಳು ಕೈ ಬಿಡಲಿಲ್ಲ.

ಲೇಬುನ್ ಒಳಗಿನಿಂದ ನೂಲಿನ ಉಂಡೆ ತಂದು ದೀಪದ ಕೆಳಗೆ ಕೂತಳು. ಮೂರೆಳೆ ಸಮ ಮಾಡಿ, ತುದಿ ಹಿಡಿಯುವವರು ಯಾರೆಂದು ಸುತ್ತ ನೋಡಿದಳು. ಥಿಯಾಂಸು ತನ್ನ ಮಣೆ ಎಳೆದುಕೊಂಡು ಹತ್ತಿರ ಬಂದ. ಉಳಿದ ಬೆರಳುಗಳಲ್ಲಿ ನೂಲಿನ ತುದಿಯನ್ನು ಬಿಗಿಯಾಗಿ ಹಿಡಿದು, “ಹೂಂ, ಹೆಣಿ” ಎಂದ.