ಚಾರ್ಜರಿನ ನಾಡಿ

ಇನ್ನೊಬ್ಬರ ಎದೆಬಡಿತವನ್ನು ದಿನವಿಡೀ ನೋಡುತ್ತ ಕೂರುವುದು ಒಳ್ಳೆಯ ಚಟವಲ್ಲ. ಗೊತ್ತಿದ್ದೂ ನನಗದು ಹತ್ತಿತ್ತು. ನಾನಿರುವುದು ತಮಿಳು ಸೀಮೆಯ ಬೋಡಿನಾಯಕನೂರಿನಲ್ಲಿ; ನಮ್ಮ ಬಾಯಲ್ಲಿ ಬರೀ ಬೋಡಿ. ಅಕ್ಕ ಇರುವುದು ಮೇಲೆ, ಬೋಡಿಮೆಟ್ಟು ಘಾಟಿ ದಾಟಿದರೆ ಸಿಗುವ ನಮ್ಮ ಏಲಕ್ಕಿ ತೋಟದಲ್ಲಿ. ಕಳೆದ ವರ್ಷ ಅವಳು ತಲೆ ಸುತ್ತಿ ಬಿದ್ದಮೇಲೆ ತೇನಿಯ ಡಾಕ್ಟರು ನಾಡಿಯ ಮೇಲೆ ಒಂದು ಕಣ್ಣಿರಲಿ ಎಂದರು. ಸ್ಮಾರ್ಟ್‌ವಾಚು ಬಂತು. ಅವಳ ಕೈಯಲ್ಲಿ ಬಡಿದದ್ದು ನನ್ನ ಫೋನಿನಲ್ಲಿ ಅಂಕಿಯಾಗಿ ಕಾಣತೊಡಗಿತು.

ಕೆಲವೇ ದಿನಗಳಲ್ಲಿ ನಾನು ಪಂಡಿತೆಯಾದೆ. ಈಗ ಇಳಿಜಾರು ಹತ್ತುತ್ತಿದ್ದಾಳೆ, ಈಗ ಆಳುಗಳನ್ನು ಬೈಯುತ್ತಿದ್ದಾಳೆ, ಈಗ ಊಟವಾಗಿ ಕಣ್ಣು ಮುಚ್ಚಿದ್ದಾಳೆ ಎಂದು ಅಡುಗೆಮನೆಯಿಂದಲೇ ಹೇಳುತ್ತಿದ್ದೆ. ಫೋನಿನಲ್ಲಿ ಜಗಳವಾಡುವಾಗ ಅವಳ ನಾಡಿ ಏರಿದ್ದು ಕಂಡರೆ ಸುಮ್ಮನಾಗುತ್ತಿದ್ದೆ. "ಏನ್ ಅಮ್ಮಣಿ, ಸೋತ್ ಹೋದ್ಯಾ?" ಎಂದು ಅವಳು ಬೀಗುತ್ತಿದ್ದಳು. ನಮ್ಮ ಮನೆಗನ್ನಡದಲ್ಲಿ ಗೆಲುವಿಗೆ ಸಾಕ್ಷಿ ಬೇಕಿಲ್ಲ, ದನಿ ದೊಡ್ಡದಿದ್ದರೆ ಸಾಕು.

ಒಂದು ದಿನ ವಾಚಿನ ಚಾರ್ಜರಿನ ತಂತಿಯನ್ನು ತೋಟದ ಇಲಿ ತಿಂದುಹಾಕಿತು. ಅಕ್ಕ ಬೋಡಿಗೆ ಇಳಿದಳು, ಇಬ್ಬರೂ ಬಜಾರಿನ ಮೊಬೈಲ್ ಅಂಗಡಿಗೆ ಹೋದೆವು. ಗೋಡೆ ತುಂಬ ಕೇಬಲ್ಲುಗಳು ಜಡೆಗಳ ಹಾಗೆ ನೇತಾಡುತ್ತಿದ್ದವು. ಎಲ್ಲದರ ಮೇಲೂ 'ಫಾಸ್ಟ್'. ಈ ಲೋಕದಲ್ಲಿ ಮೆಲ್ಲಗೆ ಚಾರ್ಜ್ ಮಾಡುವ ವಸ್ತುವನ್ನು ಯಾರೂ ತಯಾರಿಸುವುದೇ ಇಲ್ಲವೇನೋ. ಅಕ್ಕ ಇರುವುದರಲ್ಲಿ ದಪ್ಪನೆಯದನ್ನು ಆರಿಸಿದಳು. ತುದಿಯಲ್ಲೊಂದು ಬಿಳಿ ಬಿಲ್ಲೆ. ವಾಚನ್ನು ಹತ್ತಿರ ತಂದದ್ದೇ ತಡ, ಬಿಲ್ಲೆಯ ಅಯಸ್ಕಾಂತ ಟಪ್ಪೆಂದು ಅದನ್ನು ಎಳೆದುಕೊಂಡಿತು.

"ಈ ಕಂಪನಿ ವಾಚಿಗೆ ಆಗುತ್ತೋ ಇಲ್ಲವೋ, ನೋಡಬೇಕಮ್ಮಾ," ಎಂದು ಅಂಗಡಿಯವನು ತಮಿಳಿನಲ್ಲಿ ರಾಗ ಎಳೆದ.

"ಅದೇ ಹೋಗಿ ಹಿಡ್ಕಂತಲ್ಲ, ಇನ್ನೇನ್ ನೋಡೋದು?" ಎಂದು ಅಕ್ಕ ನನ್ನತ್ತ ತಿರುಗಿ ಕನ್ನಡದಲ್ಲಿ ತೀರ್ಪು ಕೊಟ್ಟಳು. ವಾಚಿನಲ್ಲಿ ಇನ್ನೂ ಸಾಕಷ್ಟು ಚಾರ್ಜ್ ಇದ್ದದ್ದರಿಂದ ಅದು ಏರುತ್ತದೆಯೇ ಎಂದು ಯಾರೂ ನೋಡಲಿಲ್ಲ.

ಅಕ್ಕ ಅಂದು ಸಂಜೆಯೇ ತೋಟಕ್ಕೆ ಮರಳಿದಳು. ಮರುದಿನ ಭಾನುವಾರ. ತೋಟದ ಆಳುಗಳೆಲ್ಲ ಸಾಮಾನು ತರಲು ಬೋಡಿಗೆ ಇಳಿಯುವ ದಿನ. ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತ ಫೋನ್ ನೋಡಿದೆ. ಅಕ್ಕನ ನಾಡಿ ಅರವತ್ತೊಂದು. ಊಟವಾದ ಮೇಲೂ ಅರವತ್ತೊಂದು. ಬಟ್ಟೆ ಒಣಹಾಕಿ ಬಂದು ನೋಡಿದೆ, ಅಷ್ಟೇ. ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು.

"ಮಲಗಿರ್ತಾಳೆ, ಬಿಡು. ನಾಡಿ ಚೆನ್ನಾಗೇ ಇದೆಯಲ್ಲ," ಎಂದರು ನಮ್ಮವರು.

ಚೆನ್ನಾಗಿತ್ತು. ಅದೇ ನನಗೆ ಸರಿಬರಲಿಲ್ಲ. ನಿದ್ದೆಯಲ್ಲೂ ಮನುಷ್ಯರ ಎದೆ ಕನಸು ಕಂಡು ಒಂದೆರಡು ಮೇಲೆ ಕೆಳಗೆ ಹೋಗುತ್ತದೆ. ಇಷ್ಟು ನೆಮ್ಮದಿ ನಮ್ಮ ಅಕ್ಕನದಲ್ಲ. ಮತ್ತೆ ಫೋನ್ ಮಾಡಿದೆ. ಅತ್ತ ಫೋನ್ ಕೂಗುತ್ತಲೇ ಇತ್ತು, ಇತ್ತ ಅಂಕಿ ಅಲುಗಲಿಲ್ಲ. ಕೂಗನ್ನು ಕೇಳುತ್ತ, ಬೇಕೆಂದೇ ಸುಮ್ಮನೆ ಕೂತ ಯಾರದೋ ಎದೆಯ ಹಾಗಿತ್ತು. ನನ್ನ ಮುಖ ನೋಡಿ ನಮ್ಮವರು ಜೀಪಿನ ಕೀ ತೆಗೆದುಕೊಂಡರು.

ಘಾಟಿಯಲ್ಲಿ ಹಗಲಿಗೇ ಮಂಜು ಇಳಿದಿತ್ತು. ಎದುರಿನ ಗಾಡಿಗಳು ದೀಪವಾಗಿ ಹುಟ್ಟಿ, ಪಕ್ಕದಲ್ಲಿ ಸದ್ದಾಗಿ ಸಾಯುತ್ತಿದ್ದವು. ತಿರುವಿನಲ್ಲಿ ಸಿಗ್ನಲ್ ಹೋಗುತ್ತಿತ್ತು, ಬರುತ್ತಿತ್ತು. ಬಂದಾಗಲೆಲ್ಲ ಅರವತ್ತೊಂದು. ಆ ಅಂಕಿ ಅಲ್ಲಿ ನಮಗಾಗಿ ಕಾದಿದೆ ಎನ್ನಿಸಿ, ಫೋನನ್ನು ಮಡಿಲಲ್ಲಿ ಬೋರಲು ಹಾಕಿದೆ.

ತೋಟದ ಮನೆಯ ಬಾಗಿಲು ತೆರೆದಿತ್ತು. ಒಳಗೆ ಏಲಕ್ಕಿಯ ಘಾಟು, ಆರಿದ ಕಾಫಿ. "ಅಕ್ಕಾ" ಎಂದೆ. ನಮ್ಮವರು ಹುಡುಕುತ್ತ ಹಿತ್ತಲಿಗೆ ಹೋದರು. ಮೇಜಿನ ಮೇಲೆ, ಅವಳ ಫೋನಿನ ಪಕ್ಕದಲ್ಲಿ, ಆ ಬಿಳಿ ಬಿಲ್ಲೆಗೆ ಅಂಟಿಕೊಂಡು ವಾಚು ಕೂತಿತ್ತು. ಅದರ ಹೊಟ್ಟೆಯ ಕೆಳಗೆ ಹಸಿರು ಬೆಳಕು ಮಿಟುಕುತ್ತಿತ್ತು. ಮುಖದ ಮೇಲೊಂದು ಪುಟ್ಟ ಹೃದಯ, ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ. ಕೈಯಿಲ್ಲ, ಮೈಯಿಲ್ಲ, ನಾಡಿ ಮಾತ್ರ ನಡೆದಿತ್ತು.

ನಾನು ಕೈ ಚಾಚಿ ಅದನ್ನು ಕಿತ್ತೆ. ಹೃದಯ ನಿಂತಿತು. ಅಂಕಿಯ ಜಾಗದಲ್ಲಿ ಎರಡು ಗೆರೆ.

ಆ ಕ್ಷಣವನ್ನು ಹೇಗೆ ಹೇಳಲಿ? ಎಲ್ಲೋ ಇದ್ದ ಅಕ್ಕನನ್ನು ನಾನೇ ಕೊಂದೆ ಎನ್ನಿಸಿತು. ನಗಬೇಡಿ. ಬುದ್ಧಿ ಇದ್ದವಳೇ ನಾನು. ಆದರೂ ವಾಚನ್ನು ಮತ್ತೆ ಬಿಲ್ಲೆಯ ಮೇಲಿಟ್ಟು, ಬಡಿ, ಬಡಿ ಎಂದು ಬೇಡಿಕೊಂಡೆ.

ಅಷ್ಟರಲ್ಲಿ ಹಿತ್ತಲಿಂದ ನಮ್ಮವರು ಕೂಗಿದರು. ನೀರಿನ ಪೈಪು ನೋಡಲು ಬೆಳಿಗ್ಗೆ ಇಳಿದ ಅಕ್ಕ ಪಾಚಿಯ ಮೇಲೆ ಜಾರಿ ಹಳ್ಳದ ಬದಿಗೆ ಬಿದ್ದಿದ್ದಳು. ಕಾಲಿನ ಗಿಣ್ಣು ಊದಿತ್ತು, ಸೀರೆ ಒದ್ದೆ, ತುಟಿ ನೀಲಿ. ಕೂಗಿ ಕೂಗಿ ಗಂಟಲು ಹೋಗಿತ್ತು. ನನ್ನನ್ನು ಕಂಡು ಪಿಸುದನಿಯಲ್ಲಿ ಬೈದಳು: "ದಿನಾ ನೋಡ್ತೀಯಲ್ಲ, ಇವತ್ತೇನ್ ನಿಂಗೆ ಕಣ್ ಹೋಗಿತ್ತಾ?" ಆ ಬೈಗುಳ ಕೇಳಿ ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಕಾಲಿಗೆ ಕಟ್ಟು ಹಾಕಿಸಿ ಅವಳನ್ನು ನಮ್ಮ ಮನೆಗೇ ಕರೆತಂದೆವು. ಆಮೇಲೆ ವಿಷಯ ತಿಳಿಯಿತು. ಅಯಸ್ಕಾಂತ ಹಿಡಿದರೆ ಹೊಂದಿತು ಎಂದಲ್ಲ. ವಾಚು ಆ ಚಾರ್ಜರನ್ನು ಒಪ್ಪಿಕೊಂಡೇ ಇರಲಿಲ್ಲ, ಒಂದು ಹನಿ ಕರೆಂಟೂ ಕುಡಿದಿರಲಿಲ್ಲ. ಚಾರ್ಜಾಗುತ್ತಿಲ್ಲವಾದ್ದರಿಂದ ಯಾರದೋ ಕೈಮೇಲಿದ್ದೇನೆ ಎಂದುಕೊಂಡು, ತನ್ನ ಹಸಿರು ಬೆಳಕನ್ನು ಆ ಬಿಳುಪಿನಲ್ಲಿ ಕಂಡು ನಾಡಿ ಎಣಿಸುತ್ತ ಹೋಗಿತ್ತು. ಬಿಲ್ಲೆ, ಕೇಬಲ್ಲು, ಅಡಾಪ್ಟರು ಮೂರೂ ವಾಚಿಗೆ ಒಗ್ಗಬೇಕು. ಇಟ್ಟ ಕೂಡಲೇ ಚಾರ್ಜಿನ ಗುರುತು ಮೂಡಬೇಕು. ವಾಚಿಗೇ ವೇಗವಾಗಿ ಕುಡಿಯಲು ಬಾರದಿದ್ದರೆ ಎಷ್ಟು ದಪ್ಪನೆಯ ಅಡಾಪ್ಟರು ತಂದರೂ ಅದು ತನ್ನ ಪಾಡಿಗೆ ಗುಟುಕು ಗುಟುಕಾಗಿಯೇ ಕುಡಿಯುತ್ತದೆ. ಅದೇ ಕಂಪನಿಯ ಚಾರ್ಜರು ತಂದೆವು.

ಕಟ್ಟು ಬಿಚ್ಚಿದ ಮೇಲೆ ತೇನಿಯ ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ಫೋನ್ ಇಸಿದುಕೊಂಡು ಅಕ್ಕನ ನಾಡಿಯ ಏರಿಳಿತಗಳನ್ನು ಒಂದೊಂದೇ ದಿನ ಸರಿಸುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಗೆರೆ ಒಂಚೂರೂ ಅಲುಗದೆ ಮಲಗಿತ್ತು.

"ಈ ಭಾನುವಾರ ನೋಡಿ, ಎಷ್ಟು ಶಾಂತವಾಗಿದೆ," ಎಂದರು ತಮಿಳಿನಲ್ಲಿ, ಖುಷಿಯಿಂದ. "ದಿನಾ ಹೀಗೇ ಇರಬೇಕಮ್ಮಾ ನೀವು."

ಅಕ್ಕ ಸೆರಗು ಸರಿಮಾಡಿಕೊಂಡಳು.

"ಅವತ್ತು ಅದರಲ್ಲಿ ನಾನಿರಲಿಲ್ಲ ಡಾಕ್ಟ್ರೇ," ಎಂದಳು.