ಪಾಸ್‌ಪೋರ್ಟ್ ಪ್ರಕಾರ ಹದಿನೇಳು

ಪ್ಯಾರಮಟ್ಟಾದಲ್ಲಿ ನದಿಯ ಪಕ್ಕದ ಪಾರ್ಕು. ಭಾನುವಾರ ಮಧ್ಯಾಹ್ನ ನಾನು ಬಾರ್ಬೆಕ್ಯೂ ಮೇಲೆ ಜೋಳ ಸುಡುತ್ತಿದ್ದೆ. ಗೆಳೆಯನೊಬ್ಬ ಕಾರಿನಿಂದ ಸಾಮಾನು ಇಳಿಸಿ ಒಂದು ಚೀಲವನ್ನು, ಓದಲು ಊರಿನಿಂದ ಈ ದೇಶಕ್ಕೆ ಬಂದಿದ್ದ ನನ್ನ ಹೆಂಡತಿಯ ತಮ್ಮನ ಕೈಗೆ ಕೊಟ್ಟ. ನಮ್ಮಲ್ಲಿ ಹೊರೆ ಯಾವಾಗಲೂ ಚಿಕ್ಕವನದು. ಒಳಗೆ ಏನಿದೆಯೆಂದು ಯಾರೂ ಯೋಚಿಸುವುದಿಲ್ಲ. ಒಳಗೆ ಬಿಯರ್ ಇತ್ತು. ಹದಿನೆಂಟು ತುಂಬದವರ ಕೈಯಲ್ಲಿ ಪಾರ್ಕಿನಂಥ ಕಡೆ ಮದ್ಯ ಇದ್ದರೆ ಇಲ್ಲಿ ಅದೇ ಅಪರಾಧ. ಹುಲ್ಲು ದಾಟಿ ಬರುತ್ತಿದ್ದವನನ್ನು ಇಬ್ಬರು ಪೊಲೀಸರು ನಿಲ್ಲಿಸಿ ವಯಸ್ಸು ಕೇಳಿದರು. ಕಾಲೇಜಿನ ಮೊದಲ ವರ್ಷ, ಹದಿನೇಳು ಎಂದ. ನಾನು ಓಡಿ ಅವರನ್ನು ತಲುಪುವಷ್ಟರಲ್ಲಿ ಕೇಸು ಬರೆದುಕೊಂಡಾಗಿತ್ತು.

ಕೋರ್ಟಿನಿಂದ ಸಮನ್ಸ್ ಬಂದಾಗ ಹುಡುಗನೂ ನಾನೂ ಲಾಯರ್ ಬಳಿ ಹೋದೆವು. ಆಕೆ ಸಮಾಧಾನದ ಹೆಂಗಸು. ಇದು ಚಿಕ್ಕ ಕೇಸು, ಎರಡು ದಾರಿಗಳಿವೆ ಎಂದರು: ಜವಾಬ್ದಾರಿಯುತ ಹಿರಿಯರ ಕಣ್ಣೆದುರೇ ಇದ್ದ ಎನ್ನಬಹುದು; ಅಥವಾ ಚೀಲ ಬೇರೆಯವರದು, ಹೊತ್ತು ತರಲು ಸರಿಯಾದ ಕಾರಣವಿತ್ತು ಎನ್ನಬಹುದು. "ವಯಸ್ಸಿನ ಬಗ್ಗೆ ತಕರಾರಿಲ್ಲ ತಾನೆ?" ಎಂದು ಕೇಳಿದರು. ಹುಡುಗ ಏನೋ ಹೇಳಲು ಬಾಯಿ ತೆರೆದ. "ಇಲ್ಲ" ಎಂದು ನಾನೇ ಹೇಳಿಬಿಟ್ಟೆ.

ಅದೇ ಸಂಜೆ ಅತ್ತೆ ಊರಿನಿಂದ ಫೋನ್ ಮಾಡಿದರು.

"ಅಲ್ಲಪ್ಪ, ಅವನಿಗೆ ಯುಗಾದಿಗೇ ಹದಿನೆಂಟು ತುಂಬ್ತಲ್ಲ. ಸ್ಕೂಲಿಗೆ ಸೇರಿಸೋವಾಗ ನಿಮ್ಮ ಮಾವ ಒಂದು ವರ್ಷ ಕಮ್ಮಿ ಹಾಕಿಸಿದ್ರು, ಗೌರ್ಮೆಂಟ್ ಕೆಲಸ ಸಿಕ್ಕರೆ ಸರ್ವೀಸ್ ಜಾಸ್ತಿ ಇರ್ಲಿ ಅಂತ. ಎಲ್ರೂ ಮಾಡ್ತಾರೆ. ಜಡ್ಜ್ ಹತ್ರ ಅದನ್ನೇ ಹೇಳ್ಬಿಡಿ, ಕೇಸೇ ನಿಲ್ಲಲ್ಲ."

ಅತ್ತೆ ಹೇಳಿದ್ದು ಸರಿ, ಕೇಸು ನಿಲ್ಲುತ್ತಿರಲಿಲ್ಲ. ಆದರೆ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ವೀಸಾ, ಎಲ್ಲವೂ ನಿಂತಿದ್ದದ್ದು ಮಾವ ಹಾಕಿಸಿದ ಆ ತಾರೀಖಿನ ಮೇಲೆ. ಅದು ಸುಳ್ಳೆಂದು ಕೋರ್ಟಿನಲ್ಲಿ ಒಪ್ಪಿಕೊಂಡರೆ ವೀಸಾ ಉಳಿಯುವುದೆಂದು ಯಾರು ಹೇಳಬಲ್ಲರು?

"ಭಾವ, ಪೊಲೀಸರಿಗೆ ಅಭ್ಯಾಸದ ಮೇಲೆ ಪಾಸ್‌ಪೋರ್ಟಿನ ವಯಸ್ಸೇ ಹೇಳ್ಬಿಟ್ಟೆ. ಲಾಯರ್ ಕೇಳ್ದಾಗ್ಲೇ ನಿಜ ಹೇಳೋಣ ಅಂತಿದ್ದೆ" ಎಂದ ಹುಡುಗ. "ನೀವೇ ಇಲ್ಲ ಅಂದ್ಬಿಟ್ರಿ."

"ಹೇಳಿದ್ರೆ ನೀನು ಕೇಸ್ ಗೆದ್ದು, ನೆಕ್ಸ್ಟ್ ಫ್ಲೈಟ್‌ನಲ್ಲಿ ಊರಿಗೆ ಹೋಗ್ತಿದ್ದೆ."

"ಹಾಗಾದ್ರೆ ಕೋರ್ಟಲ್ಲಿ ಕೇಳಿದ್ರೆ ಸುಳ್ಳು ಹೇಳ್ಬೇಕಾ?"

ಅಡುಗೆಮನೆಯಿಂದ ಹೆಂಡತಿ, "ಇವನಿಗೆ ಎರಡೆರಡು ಬರ್ತ್‌ಡೇ. ಒಂದಕ್ಕೂ ಬುದ್ಧಿ ಬರ್ಲಿಲ್ಲ" ಎಂದಳು.

ಕೋರ್ಟಿನ ಕೋಣೆ ಶಾಲೆಯ ಸ್ಟಾಫ್ ರೂಮಿನಷ್ಟೇ ಇತ್ತು. ಚೀಲ ತನ್ನದೆಂದು ಗೆಳೆಯ ಹೇಳಿದ. ಹುಡುಗನನ್ನು ಕರೆದುಕೊಂಡು ಹೋದವನು ನಾನೇ, ಅವನು ನನ್ನ ಕಣ್ಣೆದುರೇ ಇದ್ದ ಎಂದು ನಾನು ಹೇಳಿದೆ. ಲಾಯರ್ ನಮ್ಮಿಬ್ಬರ ಮಾತೇ ಸಾಕೆಂದುಕೊಂಡಿದ್ದರು; ಹುಡುಗ ಸಾಕ್ಷಿ ಹೇಳಬೇಕಾಗಿರಲಿಲ್ಲ. ಮ್ಯಾಜಿಸ್ಟ್ರೇಟ್ ವಯಸ್ಸಾದ ಮಹಿಳೆ. ಕೇಸು ವಜಾ ಎಂದು ಹೇಳಿ ಕನ್ನಡಕ ತೆಗೆದರು. ನಾನು ಏಳುವಷ್ಟರಲ್ಲಿ, ಮೊಮ್ಮಗನನ್ನು ಕೇಳುವಂತೆ ಹುಡುಗನತ್ತ ಬಾಗಿ ಕೇಳಿದರು: "ಅಂದಹಾಗೆ, ನಿನಗೆ ಹದಿನೆಂಟು ತುಂಬುವುದು ಯಾವಾಗ?"

ಲಾಯರ್ ತಿರುಗಿ ನೋಡಿದರು. ನಮ್ಮನೆ ಹುಡುಗ ಸುಳ್ಳು ಹೇಳಲಾರ, ಇದು ನನಗೆ ಗೊತ್ತಿತ್ತು. ಅವನು ತುಟಿ ಒದ್ದೆ ಮಾಡಿಕೊಂಡದ್ದು ಈಗಲೂ ನನ್ನ ಕಣ್ಣ ಮುಂದಿದೆ.

"ಪಾಸ್‌ಪೋರ್ಟ್ ಪ್ರಕಾರ, ಮುಂದಿನ ಮಾರ್ಚಿಗೆ" ಎಂದ.

ಮ್ಯಾಜಿಸ್ಟ್ರೇಟ್ ನಕ್ಕರು. "ಹಾಗಾದರೆ ಪಾಸ್‌ಪೋರ್ಟ್ ಹೇಳುವವರೆಗೆ ಕಾಯಿ" ಎಂದರು. ಎಲ್ಲರೂ ನಕ್ಕರು.

ಈಗ ಅವನು ಓದು ಮುಗಿಸಿ, ಕೆಲಸ ಸಿಕ್ಕಿ ಮೆಲ್ಬೋರ್ನಿನ ಬಾಕ್ಸ್ ಹಿಲ್‌ನಲ್ಲಿದ್ದಾನೆ. ಈ ಸಲ ಯುಗಾದಿಗೆ ಅಲ್ಲಿಗೆ ಹೋಗಿದ್ದೆವು. ಅವನ ಆಫೀಸಿನವರು ಊಟಕ್ಕೆ ಕೂತಿದ್ದಾಗ ಫೋನ್ ಬಂತು. ಹೆಸರು ನೋಡಿದವನೇ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಅವತ್ತು ಅವನ ನಿಜವಾದ ಹುಟ್ಟುಹಬ್ಬವೆಂದು ಊಟಕ್ಕೆ ಕೂತವರಲ್ಲಿ ನನಗೂ ಹೆಂಡತಿಗೂ ಮಾತ್ರ ಗೊತ್ತಿತ್ತು.

ಒಳಗೆ ಬಂದಾಗ ಯಾರೋ ಕೇಳಿದರು, "ಯಾರು, ಏನಾದ್ರೂ ವಿಶೇಷಾನಾ?"

"ಅಮ್ಮ" ಎಂದ. "ಹಬ್ಬ ಅಲ್ವಾ, ಸುಮ್ನೆ ಮಾಡಿದ್ರು."